ಹಿಮದ ರಜೆ

2021ರ ಫೆಬ್ರವರಿ. ಮಗ ಟೆಕ್ಸಾಸಿನ ಡಲ್ಲಾಸ್‌ನಲ್ಲಿ, ಅಪ್ಪ ಅಜ್ಜಂಪುರದ ಜಗುಲಿಯ ಮೇಲೆ.

"ಅಪ್ಪಾ, ಹಿಮ ಬಿದ್ದು ಕಾಲೇಜಿಗೆ ರಜೆ."

"ಯಾರು ಕೊಟ್ಟಿದ್ದು, ಡೀಸಿನಾ?"

"ಕಾಲೇಜಿನವರೇ."

"ಪುಣ್ಯವಂತರು. ಇಲ್ಲಿ ಮೂಡಿಗೆರೆಗೆ ಮಳೆ ರಜೆ ಸಿಕ್ಕಿದ ದಿನ ಕಡೂರಿನ ಹುಡುಗರು ಆಕಾಶ ನೋಡ್ಕೊಂಡು ಸ್ಕೂಲಿಗೆ ಹೋಗ್ತಾರೆ."

(ಕಡೂರಿಗೆ ಅಂಥ ಮಳೆ ಬಂದರೆ ಹುಡುಗರಿಗಿಂತ ಮೊದಲು ತೆಂಗಿನ ತೋಟದವರು ಕುಣಿಯುತ್ತಾರೆ, ಆ ಮಾತು ಬೇರೆ.)

"ಮೈನಸ್ 19 ಡಿಗ್ರಿ. ಕರೆಂಟೂ ಇಲ್ಲ."

"ಅಮೆರಿಕದಲ್ಲೂ ಲೋಡ್ ಶೆಡ್ಡಿಂಗಾ!"

"ಸುಮಾರು 45 ಲಕ್ಷ ಮನೆ, ಅಂಗಡಿಗಳಿಗೆ ಹೋಗಿದೆ. ಟೆಕ್ಸಾಸಿನ ಗ್ರಿಡ್ಡೇ ಬೇರೆ, ಪಕ್ಕದ ರಾಜ್ಯದಿಂದ ಸಾಲ ಸಿಗೋದು ಕಷ್ಟ."

"ತ್ರೀ ಫೇಸ್ ರಾತ್ರಿ ಎಷ್ಟೊತ್ತಿಗೆ ಕೊಡ್ತಾರಂತೆ?"

"ಗೊತ್ತಿಲ್ಲ."

"ಲೈನ್‌ಮನ್ ನಂಬರೂ ಇಟ್ಕೊಂಡಿಲ್ವಾ? ತೋಟ ಅಡ ಇಟ್ಟು ಏನು ಓದಿಸ್ದೆನೋ!"

"ನಲ್ಲೀಲಿ ನೀರಿಲ್ಲ. ಬಕೆಟ್ಟಿಗೆ ಹಿಮ ತುಂಬಿಟ್ಟಿದೀನಿ, ಕರಗಿದ್ರೆ ಕಕ್ಕಸಿಗೆ."

"ನಾವು ಟ್ಯಾಂಕರ್ ಕಾಯ್ತೀವಿ, ನೀನು ಬಿಸಿಲು ಕಾಯಿ."

"ಅಪ್ಪಾ, ತರೀಕೆರೆಯ ಹೆಣ್ಣಿನ ಕಡೆಯವರಿಗೆ ಇದೆಲ್ಲ ಹೇಳ್ಬೇಡಿ."

"ಹೇಳ್ತೀನಾ? ಹಿಮದಲ್ಲಿ ನಿಂತಿರೋ ಫೋಟೋ ಕಳ್ಸು. ಹಲ್ಲು ಕಡೀತಿದ್ರೂ ನಕ್ಕಂಗೆ ಕಾಣ್ಬೇಕು."

ಅಷ್ಟರಲ್ಲಿ ಮಗನ ಫೋನಿನ ಚಾರ್ಜ್ ಮುಗಿಯಿತು. ಅಜ್ಜಂಪುರದಲ್ಲಿ ಆ ಹೊತ್ತಿಗೆ ಕರೆಂಟಿತ್ತು.