ಕಡ್ಡಿರಾಯರ ದಾನಪರ್ವ

ಕಾವೇರಿ ದಡದ ರುದ್ರಪಟ್ಟಣದಿಂದ ಹಿಡಿದು ಚನ್ನರಾಯಪಟ್ಟಣದ ಹೊಸ ಬಡಾವಣೆಗಳವರೆಗೆ ಕಡ್ಡಿರಾಯರಿಲ್ಲದ ಬೀದಿಯಿಲ್ಲ. ನಿವೃತ್ತಿಯಾಗಿರುತ್ತದೆ, ಕಾಂಪೌಂಡು ಎದ್ದಿರುತ್ತದೆ, ನಲ್ಲಿಯಲ್ಲಿ ಮಾತ್ರ ನೀರಿರುವುದಿಲ್ಲ. ಹಾಗಾಗಿ ನೀರು ಕೇಳದ ಹೂವಿನ ಮೇಲೆ ಅವರಿಗೆ ಭಕ್ತಿ. ಗೃಹಪ್ರವೇಶಕ್ಕೆ ಹೋದರೂ ಒದ್ದೆ ಬಟ್ಟೆಯಲ್ಲಿ ಸುತ್ತಿದ ಲಂಟಾನದ ಕಡ್ಡಿಯೇ ಉಡುಗೊರೆ. “ನೀರು ಬೇಡ, ಗೊಬ್ಬರ ಬೇಡ, ದನ ಮುಟ್ಟಲ್ಲ, ಕಡಿದಷ್ಟೂ ಚಿಗುರುತ್ತೆ, ತಗೊಳ್ಳಿ!” ಇದೇ ಮಾತನ್ನು ಅರಣ್ಯ ಇಲಾಖೆಯವರು ಬರೆದರೆ ಅದಕ್ಕೆ ದೂರು ಎಂದು ಹೆಸರು. ನೀರಿಗಾಗಿ ನಮ್ಮನ್ನು ಕಾಯದ ಗಿಡ ಬೆಳೆಯಲು ನಮ್ಮ ಅಪ್ಪಣೆಗೂ ಕಾಯುವುದಿಲ್ಲ. 19ನೇ ಶತಮಾನದ ಆರಂಭದಲ್ಲಿ ಕಲ್ಕತ್ತೆಯ ಸಸ್ಯೋದ್ಯಾನಕ್ಕೆ ಅಂದಕ್ಕೆಂದು ಬಂದ ಲಂಟಾನ ಇಂದು ಬಂಡೀಪುರದ ನೆಲವನ್ನು ಮುಚ್ಚಿಕೊಂಡಿದೆ. ಎಲೆ ವಿಷವಾದ್ದರಿಂದ ದನ ಬಾಯಿ ಹಾಕುವುದಿಲ್ಲ. ಹಣ್ಣು ರುಚಿಯಾದ್ದರಿಂದ ಹಕ್ಕಿ ಬಿಡುವುದಿಲ್ಲ. ಹಳದಿ ಗೊಂಚಲಿನ ಸೆನ್ನಾ ಸ್ಪೆಕ್ಟಾಬಿಲಿಸ್ ಕೂಡ ನೆರಳಿಗೂ ಚೆಲುವಿಗೂ ನೆಟ್ಟದ್ದೇ. ವಯನಾಡನ್ನು ಆವರಿಸಿ ನಾಗರಹೊಳೆಗೂ ಕಾಲಿಟ್ಟಿದೆ. ಕಡಿದರೆ ಬುಡದಲ್ಲಿ ಹತ್ತು ಚಿಗುರು.

ರಾಯರು ಸೋಲುವವರಲ್ಲ. “ಚೆಂಡು ಹೂವೂ ಮೆಕ್ಸಿಕೋದ್ದೇ ಅಲ್ವೇ?” ಹೌದು, ಹೊರಗಿನಿಂದ ಬಂದದ್ದು ಅಪರಾಧವಲ್ಲ. ತಂಬೂರಿಯಾಕಾರದಲ್ಲಿ ಸಪ್ತಸ್ವರ ದೇವತೆಗಳ ಮಂದಿರ ಕಟ್ಟಿದ ರುದ್ರಪಟ್ಟಣಕ್ಕೆ ಇದನ್ನು ಬಿಡಿಸಿ ಹೇಳಬೇಕಿಲ್ಲ: ಕಾಂಭೋಜಿ ರಾಗದಲ್ಲಿ ಕಾಕಲಿ ನಿಷಾದ ಅನ್ಯಸ್ವರ, ಬರುತ್ತದೆ, ರಂಜಿಸುತ್ತದೆ, ಹೊರಡುತ್ತದೆ. ಚೆಂಡು ಹೂವೂ ಅಷ್ಟೇ, ಹಬ್ಬ ಮುಗಿಸಿ ಒಣಗುತ್ತದೆ. ಲಂಟಾನ ಹೊರಡುವುದಿಲ್ಲ. “ನರ್ಸರೀದು ಹೈಬ್ರಿಡ್, ಬೀಜ ಕಟ್ಟಲ್ಲ” ಎಂಬುದು ಮುಂದಿನ ಪಟ್ಟು. ಕೆಲವು ಕಟ್ಟುವುದಿಲ್ಲ, ಕೆಲವು ಕಟ್ಟುತ್ತವೆ. ಯಾವುದು ಯಾವುದೆಂದು ಕುಂಡದ ಮೇಲೆ ಬರೆದಿರುವುದಿಲ್ಲ. ಸೋಲಿಗರು ಮಲೆ ಮಹದೇಶ್ವರ ಬೆಟ್ಟದಲ್ಲಿ ಲಂಟಾನದಿಂದ ಕುರ್ಚಿ ಹೆಣೆಯುತ್ತಾರೆಂಬುದೂ ನಿಜ. ಆದರೆ ಕಾಡು ಖಾಲಿಯಾಗುವಷ್ಟು ಕುರ್ಚಿ ಮಾಡಿದರೆ ಕೂರುವವರನ್ನು ಎಲ್ಲಿಂದ ತರುವುದು?

ಗಟ್ಟಿಯಾದ ವಾದ ಒಂದೇ: ಮಳೆ ಕೈಕೊಟ್ಟ ವರ್ಷ ಕುಡಿಯುವ ನೀರನ್ನು ಗುಲಾಬಿಗೆ ಸುರಿಯಬೇಕೇ? ಖಂಡಿತ ಬೇಡ. ಅದಕ್ಕೇ ಆವರಿಕೆ ಇದೆ; ಬಿರುಬಿಸಿಲಲ್ಲೂ ಹಳದಿಯಾಗಿ ನಗುವ ಈ ನೆಲದ್ದೇ ಪೊದೆ, ಒಂದು ಕಾಲದಲ್ಲಿ ಅದರ ತೊಗಟೆಯಿಂದಲೇ ಚರ್ಮ ಹದಮಾಡುತ್ತಿದ್ದರು. ಗೋರಂಟೆಯಿದೆ, ತುಂಬೆಯಿದೆ. ಆದರೆ ಆವರಿಕೆ ಬೀಜ ಕೊಟ್ಟರೆ ರಾಯರು ಅಂಗೈಯಲ್ಲಿ ಹೊರಳಿಸಿ ನೋಡಿ, “ಇದು ರಸ್ತೆ ಪಕ್ಕದಲ್ಲೇ ಬೆಳೆಯುತ್ತಲ್ರೀ, ಇದಕ್ಕೂ ಒಂದು ಕುಂಡವೇ?” ಎನ್ನುತ್ತಾರೆ. ಅಷ್ಟರಲ್ಲಿ ಅವರ ಲಂಟಾನ ಕಾಂಪೌಂಡು ದಾಟಿ ರಸ್ತೆ ಪಕ್ಕಕ್ಕೇ ಇಳಿದಿರುತ್ತದೆ.