ಹದಿನೈದು ತಿಂಗಳ ಕೇಳಿ

ಬೆಳಿಗ್ಗೆ ಪೂಜೆಗೆ ದಾಸವಾಳ ಕೀಳುತ್ತಿದ್ದೆ. ಕಾಂಪೌಂಡಿನ ಆಚೆ ಢಂ, ಢಂ, ಢಮಾರ್! ಒಂದು ಗಳಿಗೆ ಸದ್ದಿಲ್ಲ. ಮತ್ತೆ ಢಂ! ಇಣುಕಿದರೆ ಪಕ್ಕದ ಮನೆ ಭಟ್ಟರು ಮೊಮ್ಮಗನ ಮೊಬೈಲನ್ನು ತುಳಸಿಕಟ್ಟೆಗೆ ಒರಗಿಸಿಟ್ಟು ಟ್ರೇಲರ್ ನೋಡುತ್ತಿದ್ದರು.

"ಏನು ಭಟ್ರೇ, ಬೆಳಗಾಗೆದ್ದು ಹೊಡೆದಾಟ?"

"ಹೊಡೆದಾಟ ಎಲ್ಲುಂಟು ಮಾರಾಯ್ರೆ! ಎರಡೂವರೆ ನಿಮಿಷ ನೋಡಿದೆ. ಕೈ ಎತ್ತುತ್ತಾನೆ, ಪರದೆ ಕಪ್ಪಾಗ್ತದೆ. ಏಟು ಕಿವಿಗೆ ಮಾತ್ರ ಬೀಳ್ತದೆ."

ಭಟ್ಟರು ಎರಡು ಕಣ್ಣಿಗೂ ಪೊರೆ ತೆಗೆಸಿಕೊಂಡವರು, ಆದರೂ ಸರಿಯಾಗಿಯೇ ಕಂಡಿದ್ದರು. ಆ್ಯಕ್ಷನ್ ಟ್ರೇಲರಿನಲ್ಲಿ ಬಡಿದಾಡುವುದು ಹೀರೋ ಅಲ್ಲ, ಸದ್ದು. ಬಾಗಿಲು ಬಡಿದುಕೊಂಡರೂ ತಾಳಕ್ಕೆ, ಕಾರು ಪಲ್ಟಿ ಹೊಡೆದರೂ ತಾಳಕ್ಕೆ. 2010ರ 'ಇನ್‌ಸೆಪ್ಶನ್' ಚಿತ್ರದ ಟ್ರೇಲರಿನಲ್ಲಿ ಕಹಳೆಯಂಥ ಒಂದು 'ಭ್ರಾಂ' ಕೇಳಿಸಿತು ನೋಡಿ, ಆಮೇಲೆ ವರ್ಷಗಟ್ಟಲೆ ಹಾಲಿವುಡ್ಡಿನ ಟ್ರೇಲರುಗಳೆಲ್ಲ ಘಾಟಿ ಇಳಿಯುವ ಲಾರಿಗಳಂತೆ ಹಾರ್ನ್ ಹೊಡೆದವು.

"ನಮ್ಮಲ್ಲಿ ಇದಕ್ಕೆ ಕೇಳಿ ಅಂತಿದ್ರು" ಎಂದರು ಭಟ್ಟರು. ಅವರು ಕುಂದಾಪುರದ ಕಡೆಯವರು. "ಯಕ್ಷಗಾನದ ಆಟಕ್ಕೆ ಮೊದಲು ಚಂಡೆ ಬಾರಿಸ್ತಾರಲ್ಲ, ಅದು. ಗದ್ದೆ ದಾಟಿ ಆಚೆ ಊರಿಗೂ ಕೇಳ್ತಿತ್ತು. ಪ್ರಸಂಗ ಯಾವುದು ಅಂತ ಚಂಡೆ ಹೇಳ್ತದಾ? ಇವತ್ತು ಆಟ ಉಂಟು, ಬನ್ನಿ. ಅಷ್ಟೇ."

ಅಷ್ಟೇ ಹೇಳಬೇಕಾದ ಕಡೆ ಕಥೆಯನ್ನೆಲ್ಲ ಕಕ್ಕುವ ಟ್ರೇಲರುಗಳೂ ಇವೆ. 1991ರ 'ಟರ್ಮಿನೇಟರ್ 2'ರಲ್ಲಿ ಆರ್ನಾಲ್ಡ್ ಈ ಸಲ ಒಳ್ಳೆಯವನು ಎಂಬುದನ್ನು ನಿರ್ದೇಶಕರು ಅರ್ಧ ಗಂಟೆ ಬಚ್ಚಿಟ್ಟಿದ್ದರು. ಟ್ರೇಲರ್ ಅದನ್ನು ಮೊದಲೇ ಊರಿಗೆಲ್ಲ ಹಂಚಿತು. ಸಾಹಸದ ಚಿತ್ರಕ್ಕೆ ಕಥೆ ಹೇಳುವ ಕಷ್ಟವೇ ಬೇಡ. 'ಮ್ಯಾಡ್ ಮ್ಯಾಕ್ಸ್: ಫ್ಯೂರಿ ರೋಡ್' ಟ್ರೇಲರಿನಲ್ಲಿ ಆಕಾಶದೆತ್ತರದ ಮರಳ ಬಿರುಗಾಳಿ, ಅದರ ಬಾಯಿಗೆ ನುಗ್ಗುವ ಇರುವೆಯಂಥ ಗಾಡಿಗಳು. ಟಿಕೆಟ್ ತೆಗೆಯಲು ಅಷ್ಟು ಸಾಕು.

"ನಿಮ್ಮ ಕೆಜಿಎಫ್?" ಎಂದೆ. ಕೇಳಬಾರದಿತ್ತು. ಸಂಗೀತದ ರವಿ ಬಸ್ರೂರು ಭಟ್ಟರ ಸೀಮೆಯವರು. ಭಟ್ಟರು ಪಂಚೆ ಎತ್ತಿಕಟ್ಟಿದರು.

"ಅದು ತೆರೆ ಒಡ್ಡೋಲಗ ಮಾರಾಯ್ರೆ! ರಾಕ್ಷಸ ವೇಷ ಬಂದ ಕೂಡಲೇ ಮುಖ ತೋರಿಸ್ತದಾ? ತೆರೆಯ ಮೇಲೆ ಕಿರೀಟದ ತುದಿ, ಕೆಳಗೆ ಕುಣಿಯುವ ಕಾಲು. ಮಕ್ಕಳಿಗೆ ಅಲ್ಲೇ ಚಳಿ ಹಿಡೀತದೆ. ಟೀಸರಿನಲ್ಲಿ ಯಶ್ ಏನು ಮಾಡಿದ? ಮೆಷಿನ್ ಗನ್ನಿನಿಂದ ಜೀಪು ಹಾರಿಸಿದ, ಕೆಂಪಗೆ ಕಾದ ನಳಿಗೆಗೆ ಸಿಗರೇಟು ಹಚ್ಚಿದ. ಮಾತಿಲ್ಲ, ಕತೆಯಿಲ್ಲ. ಮುಗೀತು."

ಎರಡನೇ ಭಾಗದ ಆ ಟೀಸರ್ ಬಂದದ್ದು 2021ರ ಜನವರಿಯಲ್ಲಿ, ಸಿನಿಮಾ ಬಂದದ್ದು 2022ರ ಏಪ್ರಿಲ್ 14ಕ್ಕೆ. ನಡುವೆ ಕೊರೋನಾ.

"ಹದಿನೈದು ತಿಂಗಳು ಕೇಳಿ ಬಾರಿಸಿದ ಮೇಳ ಬೇರೆ ಯಾವುದುಂಟು ಹೇಳಿ!"

"ಬಾರಿಸಿದ್ದು ಒಂದು, ಆಡಿದ್ದು ಇನ್ನೊಂದು ಆದ್ರೆ?" ಎಂದು ಕೆಣಕಿದೆ. ಶಾರುಖ್ ಖಾನರ 'ಫ್ಯಾನ್' ಚಿತ್ರದ ಟ್ರೇಲರಿನಲ್ಲಿದ್ದ ಹಾಡು ಸಿನಿಮಾದಲ್ಲಿ ಇರಲಿಲ್ಲವೆಂದು ಒಬ್ಬ ಮಹಿಳೆ ಗ್ರಾಹಕರ ನ್ಯಾಯಾಲಯಕ್ಕೆ ಹೋಗಿದ್ದರು. 10,000 ರೂಪಾಯಿ ಪರಿಹಾರವೂ ಮಂಜೂರಾಗಿತ್ತು. ಆದರೆ 2024ರಲ್ಲಿ ಸುಪ್ರೀಂ ಕೋರ್ಟ್, ಟ್ರೇಲರ್ ಎಂದರೆ ಪ್ರಚಾರ, ಕೊಟ್ಟ ಮಾತಲ್ಲ ಎಂದು ಆ ಆದೇಶವನ್ನು ರದ್ದುಮಾಡಿತು.

"ಸರಿಯೇ ಮತ್ತೆ. ಚಂಡೆ ಕೇಳಿ ಬಂದವನು ಭಾಗವತರ ಮೇಲೆ ಕೇಸು ಹಾಕ್ತಾನಾ?" ಭಟ್ಟರು ಮತ್ತೆ ಮೊಬೈಲು ಒತ್ತಿದರು. "ಬನ್ನಿ, ಇನ್ನೊಂದು ನೋಡುವ."

ಗೋಡೆಗೆ ಒರಗಿ ನಾನೂ ಬಗ್ಗಿದೆ. ಢಂ, ಢಂ. ಯಾರೋ ಓಡಿದರು, ಯಾರೋ ಕೈ ಎತ್ತಿದರು. ಪರದೆ ಕಪ್ಪಾಯಿತು.

"ಈಗ ಬೀಳ್ತದೆ ನೋಡಿ!" ಭಟ್ಟರು ಬೆರಳೆತ್ತಿದರು. ಇಬ್ಬರೂ ಉಸಿರು ಹಿಡಿದು ನಿಂತೆವು. ನನ್ನ ಬುಟ್ಟಿಯಿಂದ ಒಂದು ದಾಸವಾಳ ಅವರ ತುಳಸಿಕಟ್ಟೆಗೆ ಬಿತ್ತು. ಏಟು ಮಾತ್ರ ಬೀಳಲಿಲ್ಲ.

ಮೊಮ್ಮಗ ಹಲ್ಲುಜ್ಜುತ್ತ ಹೊರಬಂದ. "ಅಜ್ಜ, ಚಾರ್ಜ್ ಖಾಲಿ."