ಪಾಪ, ಜಸ್ಸಿ!

(2004. ಪುಣೆಯ ಕೋಥ್ರೂಡಿನ ಒಂದು ಕನ್ನಡ ಮನೆ. ಸೋನಿ ಚಾನೆಲ್‌ನಲ್ಲಿ 'ಜಸ್ಸಿ ಜೈಸಿ ಕೋಯಿ ನಹೀ' ಧಾರಾವಾಹಿ. ದಪ್ಪ ಕನ್ನಡಕದ, ಹಲ್ಲಿಗೆ ತಂತಿ ಹಾಕಿಕೊಂಡ ಜಸ್ಸಿಯನ್ನು ಆಫೀಸಿನವರು ಆಡಿಕೊಳ್ಳುತ್ತಿದ್ದಾರೆ.)

ಅಪ್ಪ: (ಹೊಟ್ಟೆ ಹಿಡಿದು ನಗುತ್ತ) ಮಾರಿ ನೋಡ ಅಕಿದು!

ಅವ್ವ: ನಗತೀರೇನ್ರೀ? ಪಾಪ, ಬಡಪಾಯಿ. ಕರುಳು ಕಿತ್ತು ಬರತದ ನನಗ. ಆವಾಜ ಸ್ವಲ್ಪ ಜಾಸ್ತಿ ಮಾಡ್ರಿ.

ಮಗಳು: ಲೆಕ್ಕದಾಗ ಹುಲಿ ಇದ್ದಾಳವ್ವ ಅಕಿ. ಬಡಪಾಯಿ ಹೆಂಗಾದಳು?

ಅಪ್ಪ: ಇದು ಮೂಲ ಕೊಲಂಬಿಯಾದ ಕಥಿ. 1999ರಾಗ ಅಲ್ಲೆ 'ಬೆಟ್ಟಿ' ಅಂತ ಬಂತು. ಅಲ್ಲಿನವರೂ ನಕ್ಕಾರ. ನಾ ನಕ್ಕರಷ್ಟ ಪಾಪ ಏನು?

ಮಗಳು: ಜಸ್ಸಿ ಆದ ಮೋನಾ ಸಿಂಗ್ ನಮ್ಮ ಪುಣೆದಾಗ, ಸೇಂಟ್ ಮೀರಾಸ್ ಕಾಲೇಜಿನಾಗ ಓದಿದಾಕಿ. ಖರೇನ ನೋಡಿದರ ಭಾಳ ಚೆಂದ ಇದ್ದಾಳ.

ಅವ್ವ: ಹೌದ? ಹಂಗಾರ ಇಷ್ಟು ದಿವಸ ಸುಮ್ಮನ ಅತ್ತೆನಲ್ಲ!

ಮಗಳು: ಚೆಂದ ಇದ್ದಾಕಿನ್ನ ಹುಡುಕಿ ತಂತಿ ಹಾಕ್ಯಾರ. ಖರೇನ ಹಂಗಿದ್ದಾಕಿಗೆ ಈ ಪಾರ್ಟೂ ಸಿಗಲಿಲ್ಲ.

(ಜಾಹೀರಾತು. ಕರುಣೆಗೂ ಚಹಾ ಬೇಕಲ್ಲ.)

ಅಜ್ಜಿ: ಮೊಮ್ಮಗಗ ಕನ್ಯಾದ ಫೋಟೋ ಬಂದಾವಂತಲ್ಲ?

ಅವ್ವ: ಬಂದಾವ್ರಿ ಅತ್ತಿ. ಒಂದು ಧಾರವಾಡದ್ದು. ಎಂ.ಕಾಂ., ಬ್ಯಾಂಕ್ ನೌಕರಿ. ಆದರ ಚಷ್ಮಾ ಭಾಳ ದಪ್ಪ ಅದ, ಬ್ಯಾಡಂದೆ.

ಅಜ್ಜಿ: ಹಲ್ಲು?

ಅವ್ವ: ಬಾಯಿ ಮುಚ್ಚಿಕೊಂಡು ಫೋಟೋ ತಗಸ್ಯಾಳ. ಅಲ್ಲೇ ಸಂಶಯ ಬಂತು ನನಗ. ಶ್, ಸುಮ್ಮನಿರ್ರಿ, ಶುರು ಆತು! ಅಯ್ಯ, ಮತ್ತ ಬೈತಾರಲ್ಲ ಪಾಪ... ಯಾರರ ಒಂದು ಟವೆಲ್ ಕೊಡ್ರಿ ಇಲ್ಲೆ.